ಬೀಳುವ ವೇಷದ ಮಾಂಗ್ ಪೊರೊ

ಬಾತುಕೋಳಿಗಳನ್ನು ಸುಲ್ತಾನನ ಗತ್ತಿನಲ್ಲಿ ಬಯ್ಯುತ್ತಿದ್ದವನು ಮನಿಲಾ ಹತ್ತಿರದ ಈ ದೊಡ್ಡ ಕೆರೆಯ ಸುತ್ತಮುತ್ತ ಪೊರೊ ಒಬ್ಬನೇ. ಬೆಳಗಾಯಿತೆಂದರೆ ನೀರಿಗಿಳಿದು, ಬಸವನಹುಳು ತುಂಬಿದ ಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡು, "ಎಲವೋ ಹೇಡಿಗಳಿರಾ, ಎತ್ತ ಓಡುವಿರಿ? ನನ್ನ ಖಡ್ಗದ ಹಸಿವು ಇನ್ನೂ ತೀರಿಲ್ಲ" ಎಂದು ಗರ್ಜಿಸುತ್ತಿದ್ದ. ಬಾತುಗಳು ಹೆದರುತ್ತಿದ್ದವೋ ಇಲ್ಲವೋ, ಬುಟ್ಟಿಯ ಆಸೆಗೆ ಸಾಲಾಗಿ ಹಿಂದಿರುಗುತ್ತಿದ್ದವು. ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ನಾವು ಹೆಂಗಸರು ನಕ್ಕು ನಕ್ಕು ಸುಸ್ತಾಗುತ್ತಿದ್ದೆವು. ಚರ್ಚಿನಲ್ಲಿ ಇಟ್ಟ ಹೆಸರು ತೆಲೆಸ್ಫೊರೊ ಕಾತಿಂದಿಗ್. ಊರಿಗೆಲ್ಲ ಗೌರವದಿಂದ ಮಾಂಗ್ ಪೊರೊ. ನನಗೆ ಮಾತ್ರ ಬರೀ ಪೊರೊ, ಯಾಕೆಂದರೆ ನಮ್ಮಿಬ್ಬರ ಮನೆಗಳ ನಡುವೆ ಇದ್ದದ್ದು ಒಂದು ಬಿದಿರಿನ ಬೇಲಿ, ಅದೂ ಅರ್ಧ ಮುರಿದದ್ದು.

ಅಮೆರಿಕದವರು ಬಂದ ಮೇಲೆ ಹಬ್ಬಿದ ಕಾಲರಾದಲ್ಲಿ ಅವನು ಹೋದ. ಈಗ ನಮ್ಮೂರಿನ ಶಾಲೆಯಲ್ಲಿ ಅಮೆರಿಕದ ಮೇಷ್ಟರು ಪಾಠ ಹೇಳುತ್ತಾರೆ. ಮೊನ್ನೆ ನನ್ನ ಮೊಮ್ಮಗಳು, "ಕಾಸ್ತೀಲರು ಹಡಗಿನಲ್ಲಿ ಬಂದರು, ಮುನ್ನೂರು ವರ್ಷ ಆಳಿದರು, ಸೋತು ಹೋದರು" ಎಂದು ಒಂದೇ ಉಸಿರಿನಲ್ಲಿ ಒಪ್ಪಿಸಿದಳು. ಸ್ಪೇನಿನವರಿಗೆ ನಮ್ಮ ಬಾಯಲ್ಲಿ ಇರುವ ಹೆಸರು ಅದು, ಕಾಸ್ತೀಲರು.

"ಅಷ್ಟೇನಾ?" ಅಂದೆ.

"ಅಷ್ಟೇ ಅಜ್ಜಿ. ಪರೀಕ್ಷೆಗೆ ಅಷ್ಟು ಸಾಕು."

ನನಗೆ ಮೈ ಉರಿದುಹೋಯಿತು. ಆ ರಾಜ್ಯ ಏರಿದ್ದನ್ನೂ ಇಳಿದದ್ದನ್ನೂ ನಾನು ಪೊರೊನ ಮೊಣಕಾಲು ನೋಡಿ ತಿಳಿದವಳು. ಅವನ ವೇಷ ಹೊಲಿಯುತ್ತಿದ್ದವಳು ನಾನೇ. ಹೆಸರು ಬಾಸಿಲಿಯಾ, ಬಾಸ್ಯಕ್ಕ ಅನ್ನುವ ಹಾಗೆ ಕರೆಯುವುದು ಆಲಿಂಗ್ ಬಾಸ್ಯಾ ಎಂದು. ನಾಲಿಗೆ ಸ್ವಲ್ಪ ಚೂಪು ಎಂದು ಊರಿನವರು ಹೇಳುತ್ತಾರೆ, ಹೇಳಲಿ.

ಫೆಬ್ರವರಿ ಎರಡಕ್ಕೆ ನಮ್ಮ ತಬಿಂಗ್‌ಲಾವಾದಲ್ಲಿ ದೀಪಮಾತೆಯ ಹಬ್ಬ. ಹಬ್ಬವೆಂದರೆ ಮೊರೊ ಆಟ. ಚರ್ಚಿನ ಮುಂದೆ ಬಿದಿರಿನ ಅಟ್ಟ ಕಟ್ಟುತ್ತಾರೆ. ಒಂದು ಕಡೆಯಿಂದ ನೀಲಿ ಬಟ್ಟೆಯ ಕ್ರೈಸ್ತ ರಾಜ ಬರುತ್ತಾನೆ, ಕಡಲಾಚೆಯವನು, ನಡೆ ನಿಧಾನ, ಮೂಗು ಮೇಲೆ. ಇನ್ನೊಂದು ಕಡೆಯಿಂದ ಕೆಂಪು ಬಟ್ಟೆಯ ಸುಲ್ತಾನ, ತೆಂಕಣ ದ್ವೀಪಗಳಲ್ಲಿ ಯಾರಿಗೂ ತಲೆಬಾಗದೆ ಇದ್ದ ಮೊರೊ ಮುಸಲ್ಮಾನರ ದೊರೆ, ಕಾಲು ಅಪ್ಪಳಿಸಿ ಅಟ್ಟ ನಡುಗಿಸುತ್ತಾನೆ. ಪದ್ಯದಲ್ಲಿ ಬಯ್ದಾಡಿ, ವಾದ್ಯದ ತಾಳಕ್ಕೆ ಹೆಜ್ಜೆ ಹಾಕಿ ಕತ್ತಿ ಕಾದಾಡಿ, ಕೊನೆಗೆ ಸುಲ್ತಾನ ಸೋಲಬೇಕು, ಎಲ್ಲರೆದುರು ಜ್ಞಾನಸ್ನಾನ ಪಡೆದು ಕ್ರೈಸ್ತನಾಗಬೇಕು. ಬೇರೆ ಥರ ಮುಗಿದ ಆಟವನ್ನು ನಾವು ಕಂಡವರಲ್ಲ.

ಆ ಕೆಂಪು ವೇಷವನ್ನು ಯಾರೂ ಬಯಸುತ್ತಿರಲಿಲ್ಲ. ಹಿಂದೆ ಒಮ್ಮೆ ಕಾಲರಾ ಬಂದು ಊರು ಅರ್ಧ ಖಾಲಿಯಾದಾಗ ಪೊರೊನ ತಾತ ಹರಕೆ ಹೊತ್ತನಂತೆ: ತಾಯಿ, ನನ್ನ ಮನೆ ಉಳಿಸು, ಯಾರೂ ಒಲ್ಲದ ಈ ವೇಷವನ್ನು ನಮ್ಮ ಮನೆಯ ಗಂಡಸು ವರ್ಷಾವರ್ಷ ಹಾಕುತ್ತಾನೆ. ಮನೆ ಉಳಿಯಿತು. ವೇಷ ತಾತನಿಂದ ಅಪ್ಪನಿಗೆ, ಅಪ್ಪನಿಂದ ಪೊರೊನಿಗೆ ಬಂತು. ನೀಲಿ ವೇಷ ಮಾತ್ರ ಕಲ್ಲುಮನೆಯವರದು. ಅವರ ಮನೆಯಲ್ಲಿ ಆಗ ಹಿರಿಯನೆಂದರೆ ಕಾಪಿತಾನ್ ಗವಿನೊ. ಕಬ್ಬಿನ ಗದ್ದೆ, ಗಾಣ, ಕಾಪಿತಾನ್ ಎನ್ನುವ ಊರಿನ ಯಜಮಾನಿಕೆ ಎಲ್ಲ ಅವನದೇ. ಅದೂ ಸಾಲದೆ ಪೊರೊನ ಒಬ್ಬನೇ ಮಗನಿಗೆ ಜ್ಞಾನಸ್ನಾನದಲ್ಲಿ ಧರ್ಮಪಿತನಾಗಿ ನಿಂತವನೂ ಅವನೇ, ಹಾಗಾಗಿ ಇಬ್ಬರೂ ಒಬ್ಬರನ್ನೊಬ್ಬರು ಕುಂಪಾರೆ ಎಂದು ಕರೆಯುತ್ತಿದ್ದರು. ಹಬ್ಬದಲ್ಲಿ ಒಬ್ಬ ಕುಂಪಾರೆ ಗೆಲ್ಲುತ್ತಿದ್ದ, ಇನ್ನೊಬ್ಬ ಬೀಳುತ್ತಿದ್ದ.

ಈಗ ಬೀಳುವ ವಿಷಯಕ್ಕೆ ಬರುತ್ತೇನೆ. ತಾತನ ಕಾಲದಲ್ಲಿ ಸುಲ್ತಾನ ಕತ್ತಿ ಕೆಳಗಿಟ್ಟು ತಲೆ ಬಾಗಿಸಿದರೆ ಮುಗಿಯುತ್ತಿತ್ತಂತೆ. ಆಗ ಮೊರೊಗಳ ದೋಣಿಗಳು ನಮ್ಮ ಕರಾವಳಿಗೇ ನುಗ್ಗಿ ಜನರನ್ನು ಹೊತ್ತೊಯ್ಯುತ್ತಿದ್ದವು. ತಡೆಯುವ ತಾಕತ್ತು ಕಾಸ್ತೀಲರಿಗೆ ಇರಲಿಲ್ಲ, ಆಟದಲ್ಲಿ ಮೆರೆಯಲು ಅವರಿಗೂ ನಾಚಿಕೆಯಾಗಿರಬೇಕು. ಅಪ್ಪನ ಕಾಲಕ್ಕೆ ಹೊಗೆ ಉಗುಳುವ ಹಡಗುಗಳು ಬಂದವು, ಮೊರೊಗಳ ದೋಣಿಗಳು ಒಂದೊಂದಾಗಿ ಮುಳುಗಿದವು. ಆಟದಲ್ಲಿ ಸುಲ್ತಾನ ಒಂದು ಮಂಡಿ ಊರಲು ಶುರು ಮಾಡಿದ. ಪೊರೊ ವೇಷ ಹಾಕಲು ತೊಡಗಿದ ಕೆಲವು ವರ್ಷಕ್ಕೆ ತೆಂಕಣದ ಹೋಲೊ ಕೋಟೆ ಕಾಸ್ತೀಲರ ಕೈಗೆ ಬಿತ್ತು. ಊರಲ್ಲೆಲ್ಲ ಗಂಟೆ ಹೊಡೆಸಿದರು. ನಮ್ಮ ಚರ್ಚಿನ ಪಾದ್ರೆ ಲೂಕಾಸ್, ಸ್ಪೇನಿನಿಂದ ಬಂದ ದಪ್ಪ ಸನ್ಯಾಸಿ, ಮುಂದಿನ ಸಾಲಿನ ಕುರ್ಚಿಯಿಂದಲೇ ಬೆರಳೆತ್ತಿ, "ಎರಡೂ ಮಂಡಿ" ಎಂದ. ಪೊರೊ ಎರಡೂ ಮಂಡಿ ಊರಿದ.

ಕಾಸ್ತೀಲರು ಏರುವಾಗ ಅಷ್ಟಕ್ಕೇ ತೃಪ್ತರಾಗಿದ್ದರು. ಇಳಿಯಲು ಶುರುವಾದ ಮೇಲೆ ನೋಡಬೇಕಿತ್ತು ಅವರ ಹಸಿವು. ಎಲ್ಲೋ ಕ್ಯೂಬಾ ಎನ್ನುವ ದೇಶದಲ್ಲಿ ಜನ ಅವರ ವಿರುದ್ಧ ತಿರುಗಿಬಿದ್ದರೆಂಬ ಸುದ್ದಿ ಬಂದಾಗ ಸುಲ್ತಾನ ಕ್ರೈಸ್ತ ರಾಜನ ಬೂಟಿಗೆ ಮುತ್ತಿಡಬೇಕೆಂದು ಅಪ್ಪಣೆಯಾಯಿತು. ನಮ್ಮ ಪಕ್ಕದ ಕಾವಿತೆ ಪ್ರಾಂತದಲ್ಲೇ ದಂಗೆಯೆದ್ದು ಕಾಸ್ತೀಲರು ಕೋಟೆ ಬಾಗಿಲು ಹಾಕಿಕೊಂಡು ಕೂತ ವರ್ಷವಂತೂ ಅಟ್ಟದ ಈ ತುದಿಯಿಂದ ಆ ತುದಿಗೆ ತೆವಳಿ ಬಾವುಟಕ್ಕೆ ಮುತ್ತಿಡಬೇಕಾಯಿತು. ತಮ್ಮ ಕಾಲು ನಡುಗಿದಷ್ಟೂ ಅವರಿಗೆ ನಮ್ಮವನು ಆಳಕ್ಕೆ ಬೀಳಬೇಕಿತ್ತು. ಬೂಟಿನ ಕೆಸರು ಪೊರೊನ ತುಟಿಗೆ ಹತ್ತುತ್ತಿತ್ತು. ಅವನು ಉಗುಳುತ್ತಿರಲಿಲ್ಲ, ಪಾದ್ರೆ ನೋಡುತ್ತಿದ್ದನಲ್ಲ.

ಹಬ್ಬ ಕಳೆದ ಮೇಲೆ ಪೊರೊ ಕೂತಲ್ಲಿ ಕೂರುತ್ತಿರಲಿಲ್ಲ. ಉಣ್ಣಲು ಕೂತರೆ ಅರ್ಧಕ್ಕೇ ಎದ್ದು ದಡದ ಉದ್ದಕ್ಕೂ ನಡೆಯುತ್ತಿದ್ದ, ಹಿಂದಿರುಗಿ ಬಂದು ಇನ್ನೆರಡು ತುತ್ತು ತಿಂದು ಮತ್ತೆ ಎದ್ದು ಹೋಗುತ್ತಿದ್ದ. ಅವನ ಹೆಂಡತಿ ಸಬೆಲ್, "ನಿಂತ್ಕೊಂಡೇ ಬಡಿಸ್ತೀನಿ, ನಡೀತಾನೇ ತಿನ್ನು" ಎಂದು ರೇಗುತ್ತಿದ್ದಳು. ಹಬ್ಬ ಹತ್ತಿರ ಬಂದಂತೆ ಆ ಕಳವಳ ಇನ್ನೊಂದು ಬಗೆಗೆ ತಿರುಗುತ್ತಿತ್ತು. ಒಂದು ವರ್ಷ ನಾನು ಅವನ ಕೆಂಪು ನಿಲುವಂಗಿಯ ಅಂಚು ಕಟ್ಟುತ್ತಿದ್ದೆ.

"ಬಾಸ್ಯಾ, ಒಂದು ಸಲ. ಒಂದೇ ಒಂದು ಸಲ ನಿಂತ್ಕೊಂಡು ಆಟ ಮುಗಿಸ್ಬೇಕು ಕಣೆ."

"ನೀನು ನಿಂತ್ರೆ ಜ್ಞಾನಸ್ನಾನದ ನೀರು ಕಾಪಿತಾನನ ಕೈಗೆ ಎಟಕಲ್ಲ. ಅವನು ಕುಳ್ಳ."

"ತಮಾಷೆ ಅಲ್ಲ. ನಮ್ಮಪ್ಪ ಮಂಡಿ ಊರಿ ಸತ್ತ. ನಾನೂ ಹಾಗೇ ಸಾಯ್ತೀನಾ?"

"ಬಾಯಲ್ಲಿ ಸೂಜಿ ಇದೆ, ಅಲ್ಲಾಡ್ಬೇಡ" ಅಂದೆ. ಬೇರೆ ಏನು ಹೇಳಲಿ? ಅವನಿಗೆ ಬೇಕಿದ್ದದ್ದು ಅದೊಂದೇ, ಕೊನೆಯ ಡೋಲು ಬಡಿಯುವಾಗ ಕಾಲ ಮೇಲೆ ನಿಂತಿರುವುದು. ಅದನ್ನು ಕೊಡಲು ಊರಿನಲ್ಲಿ ಯಾರಿಗೂ ಮನಸ್ಸಿರಲಿಲ್ಲ.

ಅವನ ಮಗ ಆಂದೊಯ್. ಅಪ್ಪನ ಗಂಟಲು, ಅಮ್ಮನ ಹಟ. ತೆಂಕಣದ ಮಿಂದನಾವ್ ದ್ವೀಪದಲ್ಲಿ ಮೊರೊಗಳ ಮೇಲೆ ದಂಡು ಹೋಗುವುದಿತ್ತು, ನಮ್ಮೂರೂ ಹುಡುಗರನ್ನು ಕಳಿಸಬೇಕಾಯಿತು. ಹೆಸರುಗಳನ್ನು ಮಡಕೆಗೆ ಹಾಕಿ ಎತ್ತುವುದು ಕ್ರಮ. ಮಡಕೆಯ ಮುಂದೆ ಕೂತವನು ಕಾಪಿತಾನ್ ಗವಿನೊ. ಅವನ ಗಂಡುಮಕ್ಕಳ ಹೆಸರು ಅದು ಹೇಗೋ ಮಡಕೆಯೊಳಗೆ ಬಿದ್ದೇ ಇರಲಿಲ್ಲ. ಅವನ ಧರ್ಮಪುತ್ರನ ಹೆಸರು ಬಿದ್ದಿತ್ತು, ಎದ್ದೂ ಬಂತು. ಆಂದೊಯ್‌ಗೆ ಕಾಸ್ತೀಲರ ಸಿಪಾಯಿಯ ಅಂಗಿ ಕೊಟ್ಟರು, ಬಿಳಿಯ ಮೇಲೆ ನೀಲಿ ಗೀರು. ತೋಳು ಉದ್ದವಾಗಿತ್ತು, ನಾನೇ ಮಡಚಿ ಹೊಲಿದು ಕೊಟ್ಟೆ.

ದೋಣಿ ಹತ್ತುವಾಗ ಅವನು ಅಪ್ಪನನ್ನು ಅಣಕಿಸಿದ. "ಅಪ್ಪ, ಅಲ್ಲಿ ನಿಜವಾದ ಸುಲ್ತಾನ ಸಿಕ್ಕಿದ್ರೆ ನಿನ್ನ ಸಂಬಂಧಿಕ ಅಂತ ಹೇಳಿ ತಪ್ಪಿಸ್ಕೋತೀನಿ."

"ಹೇಳು. ನಿಮ್ಮಪ್ಪ ಮೂರು ತಲೆಮಾರಿನ ಸುಲ್ತಾನ ಅಂತ್ಲೇ ಹೇಳು" ಎಂದು ಪೊರೊ ನಕ್ಕ.

ಅವನು ತಪ್ಪಿಸಿಕೊಳ್ಳಲಿಲ್ಲ. ಹಬ್ಬ ಸಮೀಪಿಸಿದ್ದಾಗ ಪಕ್ಕದೂರಿನ ಒಬ್ಬ ಸಿಪಾಯಿ ಒಂದು ಕೈ ಕಳೆದುಕೊಂಡು ಹಿಂದಿರುಗಿದ. ಪೊರೊನ ಅಂಗಳಕ್ಕೆ ಬಂದು, ನೆಲ ನೋಡುತ್ತಾ, "ಕೋಟೆ ಗೋಡೆ ಹತ್ರ ಬಿದ್ದ, ಮಾಂಗ್ ಪೊರೊ. ಅದೇ ಅಂಗೀಲಿ ಹೂತ್ವಿ. ಬೇರೆ ಬಟ್ಟೆ ಇರ್ಲಿಲ್ಲ" ಎಂದ. ಸಬೆಲ್ ಅಕ್ಕಿ ಕೇರುತ್ತಿದ್ದಳು. ಕೇರುವುದನ್ನು ನಿಲ್ಲಿಸಲಿಲ್ಲ. ಅಕ್ಕಿಯೆಲ್ಲ ನೆಲಕ್ಕೆ ಚೆಲ್ಲಿ ಮೊರ ಬರಿದಾದ ಮೇಲೂ ಕೇರುತ್ತಲೇ ಇದ್ದಳು, ನಾನು ಹೋಗಿ ಕೈ ಹಿಡಿದೆ.

ಆ ವರ್ಷ ವೇಷ ಬೇಡವೆಂದು ನಾನೇ ಹೇಳಿದೆ. ಪೊರೊ ಕೇಳಲಿಲ್ಲ. "ಹರಕೆ" ಅಂದ, ಅಷ್ಟೇ. ಮನೆಯಲ್ಲಿ ಸಬೆಲ್ ಒಬ್ಬಳು ಉಳಿದಿದ್ದಾಳೆ, ಅವಳನ್ನೂ ತಾಯಿ ಕಿತ್ತುಕೊಂಡರೆ ಎಂಬ ಭಯ ಅವನಿಗೆ. ಅಟ್ಟ ಹತ್ತಿದ, ಕಾಲು ಅಪ್ಪಳಿಸಿದ, ಪದ್ಯ ಒಂದೂ ತಪ್ಪಲಿಲ್ಲ. ಕಾಳಗ ಶುರುವಾದಾಗ ಎಂದಿನಂತೆ ಜನ, "ಕೊಲ್ಲು ಮೊರೊನ, ಕೊಲ್ಲು" ಎಂದು ಕೂಗಿದರು. ಒಂಬತ್ತು ದಿನ ಅವನ ಮನೆಯಲ್ಲೇ ಕೂತು ಆಂದೊಯ್‌ಗಾಗಿ ಪ್ರಾರ್ಥನೆ ಮಾಡಿದ ಅದೇ ಬಾಯಿಗಳು. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ, ವರ್ಷಾವರ್ಷ ಕೂಗಿ ರೂಢಿಯಾಗಿತ್ತು. ಪೊರೊ ಮಂಡಿ ಊರಿದ, ಬೂಟಿಗೆ ಮುತ್ತಿಟ್ಟ, ತಲೆಯ ಮೇಲೆ ನೀರು ಸುರಿಸಿಕೊಂಡ.

ಕಿರೀಟ ಬಿಚ್ಚುವಾಗ ನನ್ನನ್ನು ಕೇಳಿದ. "ಯಾರನ್ನ ಕೊಲ್ಲು ಅಂತಿದ್ರು ಬಾಸ್ಯಾ? ನನ್ನ ಮಗನ್ನ ಕೊಂದೋನನ್ನಾ, ನನ್ನನ್ನಾ?"

ನನಗೆ ಅಳು ಬರಬೇಕಿತ್ತು, ಬಂದದ್ದು ಸಿಟ್ಟು. ಊರಿನ ಮೇಲೆ, ಪಾದ್ರೆಯ ಮೇಲೆ, ಕಾಪಿತಾನನ ಮೇಲೆ, ತಲೆಯೊರೆಸಿಕೊಳ್ಳುತ್ತಾ ನಿಂತ ಈ ಹೆಡ್ಡನ ಮೇಲೂ. ಸಬೆಲ್ ಅಂದಿನಿಂದ ಆಟ ನೋಡಲು ಬರುವುದನ್ನೇ ಬಿಟ್ಟಳು.

ಆಮೇಲಿನದು ಬೇಗ ಬೇಗ ನಡೆಯಿತು. ದಂಗೆ ಎದ್ದಿತು, ಅಡಗಿತು, ಮತ್ತೆ ಎದ್ದಿತು. ಅಮೆರಿಕದವರ ಹಡಗುಗಳು ಮನಿಲಾ ಕೊಲ್ಲಿಗೆ ನುಗ್ಗಿ ಕಾಸ್ತೀಲರ ಹಡಗುಗಳನ್ನು ಸುಟ್ಟವಂತೆ. ಕೆರೆಯ ಸುತ್ತಲಿನ ಊರುಗಳೆಲ್ಲ ಒಂದರ ಹಿಂದೊಂದು ಕಾಸ್ತೀಲರ ಕೈತಪ್ಪಿದವು. ನಮ್ಮೂರಿನಲ್ಲಿದ್ದ ಒಂದು ಹಿಡಿ ಸಿಪಾಯಿಗಳು ಪಾದ್ರೆಯ ಜೊತೆ ಚರ್ಚಿನ ಮಠ ಸೇರಿ ಬಾಗಿಲು ಹಾಕಿಕೊಂಡರು, ಹಸಿವು ತಾಳದೆ ಒಂದು ಮಧ್ಯಾಹ್ನ ಬಿಳಿ ಬಟ್ಟೆ ಬೀಸಿ ಹೊರಗೆ ಬಂದರು. ನಾನು ಅಂದುಕೊಂಡಿದ್ದೆ, ಮುನ್ನೂರು ವರ್ಷದ ರಾಜ್ಯ ಬೀಳುವಾಗ ನೆಲ ನಡುಗುತ್ತದೆ ಎಂದು. ಏನೂ ಆಗಲಿಲ್ಲ. ಪಾದ್ರೆ ಲೂಕಾಸ್ ಮೆಟ್ಟಿಲ ಮೇಲೆ ಕೂತು, "ನೀರು" ಎಂದ.

ಪೊರೊ ಒಂದು ತಂಬಿಗೆ ನೀರೂ ಉಪ್ಪಿನಲ್ಲಿಟ್ಟ ಬಾತುಮೊಟ್ಟೆಯೂ ತಂದುಕೊಟ್ಟ. ಪಾದ್ರೆ ಮೊಟ್ಟೆ ಬಿಡಿಸಿ ಗಬಗಬ ತಿಂದು, ಅವನನ್ನು ಗುರುತು ಹಿಡಿದು, "ನೀನು ಚೆನ್ನಾಗಿ ಬೀಳ್ತಿದ್ದೆ, ಪೊರೊ" ಎಂದ. ಅದು ಹೊಗಳಿಕೆ ಎಂದೇ ಅವನ ಭಾವನೆ.

"ಅಭ್ಯಾಸದ ಮೇಲೆ ಬರುತ್ತೆ ಪಾದ್ರೆ. ನಿಮಗೂ ಬರುತ್ತೆ" ಎಂದ ಪೊರೊ. ಮಾತು ಆಡಿಬಿಟ್ಟನಲ್ಲ, ಆಮೇಲೆ ಅದಕ್ಕೂ ಅವನಿಗೆ ನೆಮ್ಮದಿಯಿಲ್ಲ. ಹಸಿದವನಿಗೆ ಹಾಗೆ ಅನ್ನಬಾರದಿತ್ತೇನೋ ಎಂದು ಬೇಲಿಯ ಬಳಿ ನಿಂತು ನನ್ನ ತಲೆ ತಿಂದ.

ನಮಗೆ ನಮ್ಮದೇ ಗಣರಾಜ್ಯ ಬಂತು, ನಮ್ಮದೇ ಬಾವುಟ ಬಂತು. ಕಾಸ್ತೀಲರ ಕಾಲದಲ್ಲಿ ಊರಿನ ಯಜಮಾನನಾಗಿದ್ದ ಕಾಪಿತಾನ್ ಗವಿನೊ ಹೊಸ ಕಾಲದಲ್ಲೂ ಊರಿನ ಯಜಮಾನನಾದ. ಟೋಪಿ ಬದಲಾಯಿಸಿದ, ಕುರ್ಚಿ ಅದೇ. ಹಬ್ಬಕ್ಕೆ ಇನ್ನೂ ವಾರಗಳಿದ್ದಾಗ ಊರಿನವರನ್ನೆಲ್ಲ ಸೇರಿಸಿ ಹೇಳಿದ. "ಕ್ರೈಸ್ತ ರಾಜ ಅಂತ ನಾವು ಯಾರಿಗೆ ಜೈ ಅಂತಿದ್ವೋ ಅವನು ಕಡಲಾಚೆಯ ಕಾಸ್ತೀಲ. ಅವನಿಗೆ ತಲೆಬಾಗದೆ ಇದ್ದೋನು ಮೊರೊ. ಈ ವರ್ಷ ಮೊರೊ ಗೆಲ್ತಾನೆ. ಕಾಸ್ತೀಲ ಮಂಡಿ ಊರ್ತಾನೆ."

ಜನ ಕುಣಿದರು. ನಾನು ಪೊರೊನನ್ನು ನೋಡಿದೆ. ಅವನು ಕುಣಿಯುತ್ತಿರಲಿಲ್ಲ, ಕಂಬ ಹಿಡಿದು ನಿಂತಿದ್ದ.

ಅಂದಿನಿಂದ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬಾತುಗಳಿಗೆ ಹೊತ್ತಿಗೆ ಸರಿಯಾಗಿ ಮೇವಿಲ್ಲ, ಮೊಟ್ಟೆ ಕಡಿಮೆಯಾಯಿತು. ಮೀನು ಒಣಗಿಸುವ ಅಟ್ಟ ಹತ್ತಿ, ಎದೆ ಸೆಟೆಸಿ, ಗೆದ್ದವನ ಹಾಗೆ ನಿಲ್ಲುವುದನ್ನು ಅಭ್ಯಾಸ ಮಾಡುತ್ತಿದ್ದ. ಎಷ್ಟು ಪ್ರಯತ್ನಿಸಿದರೂ ಕೊನೆಯಲ್ಲಿ ತಲೆ ತಾನಾಗಿ ತಗ್ಗುತ್ತಿತ್ತು. "ಕತ್ತಿಗೆ ಗೊತ್ತು, ಕುತ್ತಿಗೆಗೆ ಗೊತ್ತಿಲ್ಲ" ಎಂದು ತನ್ನ ಕುತ್ತಿಗೆಯನ್ನೇ ಹೊಡೆದುಕೊಂಡು ಬಯ್ಯುತ್ತಿದ್ದ. ನಾನು ಬೇಲಿಯಾಚೆಯಿಂದ, "ಗಲ್ಲ ಮೇಲೆತ್ತು, ಸುಲ್ತಾನ. ಬೂಟು ಹುಡುಕ್ತಿದ್ದೀಯಾ ಕೆಳಗೆ?" ಎಂದು ಕಾಡಿಸುತ್ತಿದ್ದೆ. ಅವನು ನಗುತ್ತಿದ್ದ. ಮಗ ಸತ್ತ ಮೇಲೆ ಅವನು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

ಒಂದು ಸಂಜೆ ಕಾಪಿತಾನ್ ಗವಿನೊ ನನ್ನ ಮನೆಗೆ ಬಂದ. ಕಂಕುಳಲ್ಲಿ ಚೀನಾದ ಕೆಂಪು ರೇಷ್ಮೆ. ಇನ್ನೊಂದು ಕೈಯಲ್ಲಿ ಶರಣಾದ ಸಿಪಾಯಿಗಳಿಂದ ಕಿತ್ತುಕೊಂಡ ನೀಲಿ ಗೀರಿನ ಅಂಗಿಗಳ ಗಂಟು.

"ಆಲಿಂಗ್ ಬಾಸ್ಯಾ, ಈ ಗೀರಿನ ಬಟ್ಟೇಲಿ ಕ್ರೈಸ್ತ ರಾಜನ ನಿಲುವಂಗಿ ಆಗ್ಬೇಕು. ನೋಡಿದ ತಕ್ಷಣ ಕಾಸ್ತೀಲ ಅಂತ ಜನಕ್ಕೆ ಗೊತ್ತಾಗ್ಲಿ. ರೇಷ್ಮೇಲಿ ಸುಲ್ತಾನನದು."

"ಪೊರೊನ ಅಳತೆ ನನ್ನ ಹತ್ರ ಇದೆ" ಅಂದೆ.

"ಸುಲ್ತಾನನದು ನನ್ನ ಅಳತೆಗೆ."

ಅಳತೆಯ ದಾರ ನನ್ನ ಕೈಯಲ್ಲೇ ಉಳಿಯಿತು. "ಮತ್ತೆ ಪೊರೊ?"

"ಕುಂಪಾರೆ ನೀಲಿ ಹಾಕ್ತಾನೆ. ಅವನಷ್ಟು ಚೆನ್ನಾಗಿ ಬೀಳೋರು ಈ ಸುತ್ತಿನಲ್ಲಿ ಯಾರಿದ್ದಾರೆ, ನೀವೇ ಹೇಳಿ."

ಬೇಲಿಯ ಮುರಿದ ಕಡೆ ಪೊರೊ ನಿಂತಿದ್ದ. ಎಲ್ಲ ಕೇಳಿಸಿತ್ತು. ಒಳಗೆ ಬಂದ.

"ಕುಂಪಾರೆ, ಆ ಕೆಂಪು ನಮ್ಮನೇದು. ತಾತನ ಹರಕೆ."

"ಹರಕೆ ಆಟ ಆಡೋಕೆ, ಕುಂಪಾರೆ. ಬಣ್ಣ ತಾಯಿ ನೋಡಲ್ಲ. ಹೊಸ ಪಾದ್ರೆನ ಕೇಳಿದ್ದೀನಿ, ತೊಂದರೆ ಇಲ್ಲ ಅಂದ್ರು."

"ಇಷ್ಟು ವರ್ಷ ನಾನು ಹಾಕಿದ್ದೀನಲ್ಲ."

"ಇಷ್ಟು ವರ್ಷ ಅದನ್ನ ಬೇರೆ ಯಾರೂ ಕೇಳಿರ್ಲಿಲ್ಲ" ಎಂದ ಕಾಪಿತಾನ್, ಮೆತ್ತಗೆ, ಬಹಳ ಪ್ರೀತಿಯಿಂದ. "ಊರಿನ ಯಜಮಾನ ಕಾಸ್ತೀಲನ ವೇಷ ಹಾಕಿ ಎಲ್ಲರ ಮುಂದೆ ಮಂಡಿ ಊರಿದ್ರೆ ಚೆನ್ನಾಗಿರುತ್ತಾ? ನೀನೇ ಹೇಳು."

ಪೊರೊ ಬಂದ ದಾರಿಯಲ್ಲೇ ಬೇಲಿ ದಾಟಿ ಹೋದ. ಮನೆ ನಿಂತಿದ್ದ ನೆಲ, ಬಾತು ಮೇಯುತ್ತಿದ್ದ ದಡ ಎಲ್ಲ ಕಲ್ಲುಮನೆಯವರದೇ. ನನಗೆ ಆ ಕುಳ್ಳನ ಮೂತಿಗೆ ರೇಷ್ಮೆಯ ಗಂಟು ಎಸೆಯಬೇಕೆನಿಸಿತು. ಎಸೆಯಲಿಲ್ಲ, ಅಳತೆ ತೆಗೆದುಕೊಂಡೆ. ಹೊಟ್ಟೆಯ ಸುತ್ತಳತೆಯನ್ನು ಬೇಕೆಂದೇ ಜೋರಾಗಿ ಹೇಳಿದೆ, ಅದಷ್ಟೇ ನನ್ನ ಕೈಲಾದದ್ದು.

ಮಾರನೆಯ ದಿನ ಬೆಳಗ್ಗೆ ಗಂಡ ಹೆಂಡಿರ ಮಾತು ಬೇಲಿ ದಾಟಿ ಕೇಳಿಸಿತು. ಪೊರೊ ವೇಷ ಹಾಕುವುದಿಲ್ಲ ಎನ್ನುತ್ತಿದ್ದ. ಸಬೆಲ್ ಹಾಕಬೇಕು ಎನ್ನುತ್ತಿದ್ದಳು.

"ಹಾಕ್ಕೋ. ಹಾಕ್ಕೊಂಡು ಬೀಳು. ಈ ಸಲ ನಾನು ಬಂದು ಮುಂದೆ ಕೂತು ನೋಡ್ತೀನಿ. ಆ ಗೀರಿನ ಅಂಗಿ ಮಣ್ಣು ಮುಕ್ಕೋದನ್ನ ನನ್ನ ಕಣ್ಣಾರೆ ನೋಡ್ಬೇಕು."

"ಅದು ಹುಡುಗನ ಅಂಗಿ ಸಬೆಲ್."

"ಹುಡುಗನ್ನ ತಿಂದ ಅಂಗಿ ಅದು."

ಆಮೇಲೆ ಪೊರೊ, "ಸರಿ, ಬೀಳ್ತೀನಿ" ಎಂದದ್ದು ಕೇಳಿಸಿತು. ಸಬೆಲ್‌ಳಿಗಾಗಿ ಒಪ್ಪಿದ, ಕಾಪಿತಾನನಿಗಾಗಿ ಅಲ್ಲ. ಅವಳು ಮೂರು ವರ್ಷದಲ್ಲಿ ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ.

ಅಂಗಿಗಳನ್ನು ಬಿಚ್ಚಿ, ಗೀರಿಗೆ ಗೀರು ಸೇರಿಸಿ ನಿಲುವಂಗಿ ಮಾಡಿದೆ. ಒಂದರ ತೋಳಿನಲ್ಲಿ ಯಾವುದೋ ತಾಯಿ ಹಾಕಿದ ಹೊಲಿಗೆ ಇತ್ತು. ಅದನ್ನು ಬಿಚ್ಚಲು ಮನಸ್ಸು ಬರಲಿಲ್ಲ, ಒಳಮಗ್ಗುಲಿಗೆ ತಿರುಗಿಸಿದೆ.

ಹಬ್ಬದ ದಿನ ಚರ್ಚಿನ ಮುಂದೆ ಕಾಲಿಡಲು ಜಾಗವಿರಲಿಲ್ಲ. ಮನಿಲಾದ ಹೊರಗೆ ಅಮೆರಿಕದವರೂ ನಮ್ಮವರೂ ಬಂದೂಕು ಹಿಡಿದು ಎದುರುಬದುರು ಕೂತಿದ್ದಾರೆಂದು ಎಲ್ಲರಿಗೂ ಗೊತ್ತಿತ್ತು. ಯಾರಿಗೂ ನಿಂತಲ್ಲಿ ನೆಮ್ಮದಿಯಿಲ್ಲ, ಸುಮ್ಮನೆ ನಗುತ್ತಿದ್ದರು, ಸುಮ್ಮನೆ ಜಗಳಕ್ಕೆ ಬೀಳುತ್ತಿದ್ದರು. ಸಬೆಲ್ ಮುಂದಿನ ಸಾಲಿನಲ್ಲಿ ಕಪ್ಪು ಹೊದಿಕೆ ಹೊದ್ದು ನನ್ನ ಪಕ್ಕ ಕೂತಳು.

ಕಾಪಿತಾನ್ ಕೆಂಪು ರೇಷ್ಮೆಯಲ್ಲಿ ಬಂದ. ಕಾಲು ಅಪ್ಪಳಿಸಲು ಹೋಗಿ ಏದುಸಿರು ಬಿಟ್ಟ. ಜೀವಮಾನವೆಲ್ಲ ನಿಧಾನ ನಡೆದು ಗೆದ್ದವನು, ಮೊರೊನ ಹೆಜ್ಜೆ ಅವನ ಕಾಲಿಗೆ ಒಗ್ಗಲಿಲ್ಲ. ಆದರೂ ಜನ ಜೈ ಎಂದರು. ಪೊರೊ ನೀಲಿಯಲ್ಲಿ ಬಂದಾಗ, "ಥೂ, ಕಾಸ್ತೀಲ" ಎಂದು ಉಗಿದರು. "ಕೊಲ್ಲು ಕಾಸ್ತೀಲನ್ನ, ಕೊಲ್ಲು" ಎಂದು ಕೂಗಿದರು. ಪೊರೊನ ಮೈ ಒಮ್ಮೆ ಗಕ್ಕನೆ ನಿಂತದ್ದನ್ನು ನಾನು ನೋಡಿದೆ. ಬಟ್ಟೆ ಬದಲಾಗಿತ್ತು, ಕೂಗು ಅದೇ, ಕೂಗುವ ಬಾಯಿಗಳೂ ಅವೇ. ಈ ಸಲ ಕೊಲ್ಲು ಎನ್ನುತ್ತಿದ್ದದ್ದು ಅವನ ಮಗನ ಅಂಗಿಗೆ.

ಕಾಳಗ ನಡೆಯಿತು. ದೊಡ್ಡ ಡೋಲು ಬಡಿದ ಕೂಡಲೇ ಸೋಲುವವನು ಕತ್ತಿ ಬಿಟ್ಟು ಮಂಡಿ ಊರಬೇಕು. ಡೋಲು ಬಡಿಯಿತು. ಪೊರೊ ಊರಲಿಲ್ಲ. ಕೇಳಿಸಲಿಲ್ಲವೇನೋ ಎಂದುಕೊಂಡು ಡೋಲಿನವನು ಮತ್ತೊಮ್ಮೆ ಬಡಿದ.

"ಬೀಳು, ಕುಂಪಾರೆ" ಎಂದ ಕಾಪಿತಾನ್, ಹಲ್ಲು ಕಚ್ಚಿಕೊಂಡು.

ಪೊರೊ ಸಬೆಲ್‌ಳನ್ನು ನೋಡಿದ. ಬೀಳಲು ಮನಸ್ಸು ಮಾಡಿದ್ದ ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಮೊಣಕಾಲು ಅರ್ಧ ಬಾಗಿತ್ತು. ಅಲ್ಲಿಂದ ಮುಂದಕ್ಕೆ ಹೋಗಲಿಲ್ಲ, ಮತ್ತೆ ನೆಟ್ಟಗಾಯಿತು. ಕಾಪಿತಾನ್ ಗಾಬರಿಯಿಂದ ಇನ್ನೊಂದು ಏಟು ಬೀಸಿದ. ಪೊರೊ ಅದನ್ನು ತಡೆದು, ಮಣಿಕಟ್ಟಿನ ಬಳಿ ಸಣ್ಣಗೆ ತಟ್ಟಿದ. ತನ್ನ ಕೈಯಿಂದ ಕತ್ತಿ ಹಾರುವುದು ಯಾವ ಏಟಿಗೆ ಎನ್ನುವುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಕಾಪಿತಾನನ ಕತ್ತಿ ಹಾರಿ ಜನರ ನಡುವೆ ಬಿತ್ತು. ಅದರ ಹಿಂದೆ ಬಾಗಿದ ಕಾಪಿತಾನ್ ತನ್ನದೇ ರೇಷ್ಮೆಯ ಅಂಚು ತುಳಿದು ಧೊಪ್ಪನೆ ಎರಡೂ ಮಂಡಿಯ ಮೇಲೆ ಬಿದ್ದ.

ವಾದ್ಯದವರಿಗೆ ಯಾರ ರಾಗ ನುಡಿಸಬೇಕೋ ತಿಳಿಯಲಿಲ್ಲ, ನಿಲ್ಲಿಸಿಬಿಟ್ಟರು. ಕಾಸ್ತೀಲರನ್ನು ಓಡಿಸಿದ ವರ್ಷ, ನಮ್ಮದೇ ಬಾವುಟದ ಕೆಳಗೆ, ನಮ್ಮೂರ ಅಟ್ಟದ ಮೇಲೆ ಕಾಸ್ತೀಲ ಗೆದ್ದು ನಿಂತಿದ್ದ. ಹಿಂದಿನಿಂದ ಯಾರೋ, "ದ್ರೋಹಿ" ಎಂದರು. ಒಂದು ಬಾತುಮೊಟ್ಟೆ ಹಾರಿಬಂದು ಪೊರೊನ ಎದೆಗೆ ಒಡೆಯಿತು, ಆಮೇಲೆ ಇನ್ನೊಂದು. ಅವನ ಮನೆಯಿಂದಲೇ ಕೊಂಡ ಮೊಟ್ಟೆಗಳು. ಪೊರೊನ ಮುಖ ನೋಡಿದರೆ ಅವನಿಗೂ ಆಗಷ್ಟೇ ಅರ್ಥವಾದಂತಿತ್ತು, ಜೀವಮಾನವಿಡೀ ಕೇಳಿಕೊಂಡದ್ದು ಸಿಕ್ಕಿದೆ, ಸಿಕ್ಕಿದ್ದು ಈ ಬಟ್ಟೆಯಲ್ಲಿ. ನನ್ನ ಪಕ್ಕದಲ್ಲಿ ಸಬೆಲ್ ಎದ್ದು ನಿಂತಳು. ಸಿಟ್ಟಿನಿಂದ ಏನು ಕೂಗುತ್ತಾಳೋ ಎಂದು ನಾನು ಅವಳ ಹೊದಿಕೆ ಹಿಡಿದೆ. ಅವಳು ಅಟ್ಟದ ಮೇಲೆ ನೆಟ್ಟಗೆ ನಿಂತಿದ್ದ ಗೀರಿನ ಅಂಗಿಯನ್ನೇ ನೋಡುತ್ತಾ, "ಆಂದೊಯ್" ಎಂದಳು. ಪಕ್ಕದಲ್ಲಿದ್ದ ನನಗಷ್ಟೇ ಕೇಳಿಸಿತು.

ಕಾಪಿತಾನ್ ಏಳಲಾಗದೆ ಒದ್ದಾಡುತ್ತಿದ್ದ. ಹೊಟ್ಟೆ ಭಾರ, ರೇಷ್ಮೆ ಕಾಲಿಗೆ ಸುತ್ತಿಕೊಂಡಿತ್ತು. ಕಣ್ಣಲ್ಲಿ ನೀರು ಬಂದಿತ್ತು, ನೋವಿಗೋ ಅವಮಾನಕ್ಕೋ. ಆಟದ ಕ್ರಮದಂತೆ ಈಗ ಗೆದ್ದವನು ಬೂಟು ಮುಂದೆ ಚಾಚಬೇಕು. ಮಗನ ಹೆಸರಿದ್ದ ಮಡಕೆಯ ಮುಂದೆ ಕೂತಿದ್ದ ಮನುಷ್ಯ ಅವನ ಕಾಲಿನ ಬಳಿಯೇ ಇದ್ದ. ಪೊರೊ ಕತ್ತಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಬಾಗಿ, ಎರಡೂ ಕೈ ಚಾಚಿದ.

"ಏಳಿ ಕುಂಪಾರೆ" ಎಂದ. "ನಿಮಗೆ ಅಭ್ಯಾಸ ಇಲ್ಲ. ಬಿದಿರಿನ ಗಿಣ್ಣು ಮಂಡಿಗೆ ಬಹಳ ನೋಯುತ್ತೆ."

ಕಾಪಿತಾನ್ ಆ ಕೈ ಹಿಡಿದು ಎದ್ದ. ಮೊಟ್ಟೆ ಎಸೆಯುವವರೂ ಕೈ ಇಳಿಸಿದರು. ನಮ್ಮೂರಿನ ಮೊರೊ ಆಟ ಇಬ್ಬರೂ ನಿಂತಿರುವಾಗಲೇ ಮುಗಿದದ್ದು ಅದೊಂದು ವರ್ಷ.